ಶಿಶುವಿಹಾರದ ಮೇಷ್ಟರು

ಕನ್ನಡದಲ್ಲಿ ಎಂ.ಎ. ಮಾಡಿದ ತರುಣನೊಬ್ಬನು ಕಾಲೇಜಿನ ಕೆಲಸ ದೊರೆಯದೆ ಶಿಶುವಿಹಾರದ ಮಕ್ಕಳಿಗೆ ಪಾಠ ಹೇಳಲು ಹೋದನೆಂದು ತರಗತಿಯಲ್ಲಿ ತಿಳಿಸಿದರೆ ನನ್ನ ವಿದ್ಯಾರ್ಥಿಗಳು ನಗುತ್ತಾರೆ. ಆ ನಗುವಿನಲ್ಲಿ ಅಳುಕೂ ಬೆರೆತಿರುತ್ತದೆ. ಏಕೆಂದರೆ ಅವರಲ್ಲಿ ಅನೇಕರು ಮುಂದೆ ಕನ್ನಡ ಎಂ.ಎ. ಮಾಡಬೇಕೆಂದಿರುವವರು. ಆ ತರುಣನ ಹೆಸರು ಜಿ.ಪಿ. ರಾಜರತ್ನಂ ಎಂದೊಡನೆ ನಗು ನಿಲ್ಲುತ್ತದೆ. ಎಂಡಕುಡುಕ ರತ್ನನನ್ನು ಬಲ್ಲವರು ಅವರು. ಅದಕ್ಕೂ ಬಹಳ ಮೊದಲು, ಪದ್ಯಕ್ಕೊಬ್ಬ ಕವಿ ಇರುತ್ತಾನೆಂಬುದೇ ತಿಳಿಯದ ವಯಸ್ಸಿನಲ್ಲಿ, ತುತ್ತೂರಿಯ ಹಾಡನ್ನೂ ನಾಯಿಮರಿಯ ಹಾಡನ್ನೂ ಬಾಯಿಪಾಠ ಮಾಡಿದವರು.

ರಾಜರತ್ನಂ ಅವರ ಬಾಳಿನ ಈ ಅಧ್ಯಾಯದ ಕಡೆಗೆ ನನ್ನ ಗಮನ ತಿರುಗಿದುದಕ್ಕೆ ಪಾಂಡಿತ್ಯ ಕಾರಣವಲ್ಲ. ನನ್ನದೇ ಒಂದು ತಪ್ಪು ಕಾರಣ. ನನ್ನ ಹಿರಿಯ ಮಗನಿಗೆ ನಾಲ್ಕೂವರೆ ವರ್ಷವಾಗಿದ್ದಾಗ ಅವನು ಹೋಗುತ್ತಿದ್ದ ಶಾಲೆಯಿಂದ ಚೀಟಿಯೊಂದು ಬಂದಿತು. ಹುಡುಗನು ಬರೆವಣಿಗೆಯಲ್ಲಿ ಹಿಂದುಳಿದಿದ್ದಾನೆ, ಮನೆಯಲ್ಲಿ ದಿನವೂ ಎರಡು ಪುಟ ಬರೆಯಿಸತಕ್ಕದ್ದು ಎಂಬುದು ಅದರ ಸಾರ. ನಾನು ಅದನ್ನು ನಂಬಿದೆ. ಸಂಜೆ ಆರರಿಂದ ಏಳರವರೆಗೆ ಅವನನ್ನು ಮೇಜಿನ ಮುಂದೆ ಕೂರಿಸಿದೆ. ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು ಒತ್ತಿ ಒತ್ತಿ ಬರೆದು ಅವನು ಕಾಗದವನ್ನೇ ಹರಿಯುತ್ತಿದ್ದನು. ಒಂದು ಸಂಜೆ ಬರೆಯುವ ಪುಸ್ತಕವೇ ಕಾಣಲಿಲ್ಲ. ಹುಡುಕಿದಾಗ ರಾಗಿಯ ಡಬ್ಬಿಯೊಳಗೆ ಸಿಕ್ಕಿತು. ಆಗ ನಾನು ಕೈಯೆತ್ತಿದೆ, ಹೊಡೆದೆನೆಂದೇ ಬರೆಯಬೇಕು. ಆ ಮೇಲೆ ಕೆಲವು ದಿನ ಮಗು ನನ್ನೊಡನೆ ಮಾತು ಕಡಿಮೆ ಮಾಡಿತು. ಹೊಳಲ್ಕೆರೆಯ ಕಡೆಯ ನಮ್ಮ ಹಳ್ಳಿಯಿಂದ ಬಂದಿದ್ದ ನನ್ನ ತಾಯಿ ನನಗೆ ಏನನ್ನೂ ಹೇಳಲಿಲ್ಲ. ಮೊಮ್ಮಗನನ್ನು ಹಿತ್ತಲಿಗೆ ಕರೆದೊಯ್ದು ತುತ್ತೂರಿಯ ಹಾಡನ್ನು ಹೇಳಿಕೊಟ್ಟರು. ಮೂರನೆಯ ದಿನ ಅವನು ನೀರು ತುಂಬಿದ ಕಹಳೆಯ ಸದ್ದನ್ನು ಗಂಟಲಿನಿಂದ ಹೊರಡಿಸುತ್ತ ಮನೆಯೆಲ್ಲ ಓಡಾಡಿದನು. ಆ ರಾತ್ರಿ ನಾನು ಕಪಾಟಿನಿಂದ ರಾಜರತ್ನಂ ಅವರ ಪುಸ್ತಕಗಳನ್ನು ಕೆಳಗಿಳಿಸಿದೆ.

ರಾಜರತ್ನಂ ಹುಟ್ಟಿದುದು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ, ಅಂದು ಕ್ಲೋಸ್‌ಪೇಟೆ ಎನ್ನಿಸಿಕೊಳ್ಳುತ್ತಿದ್ದ ರಾಮನಗರದಲ್ಲಿ. ಶ್ರೀವೈಷ್ಣವ ಕುಟುಂಬ, ಮನೆಮಾತು ತಮಿಳು. ತಂದೆ ಗೋಪಾಲಕೃಷ್ಣ ಅಯ್ಯಂಗಾರ್ಯರು ಶಾಲೆಯ ಉಪಾಧ್ಯಾಯರು. ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡ ಮಗುವನ್ನು ಸಾಕಿದವರು ಅಜ್ಜಿ. ಹುಡುಗನ ಮೊದಲ ಹೆಸರು ರಾಜಯ್ಯಂಗಾರ್. ಲೋಯರ್ ಸೆಕೆಂಡರಿಯಲ್ಲಿ ಓದುತ್ತಿದ್ದಾಗ ಶಾಲೆಯ ಗುಮಾಸ್ತರನ್ನು ಕಾಡಿ ಬೇಡಿ ತನ್ನ ಹೆಸರನ್ನು ರಾಜರತ್ನಂ ಎಂದು ತಾನೇ ಬರೆಯಿಸಿಕೊಂಡನಂತೆ. ಜಾತಿಯನ್ನು ಸಾರುವ ತುದಿಯನ್ನು ಕಿತ್ತು ರತ್ನವನ್ನು ಕೂರಿಸಿದ ಆ ಚೂಟಿತನವನ್ನು ನೆನೆದರೆ ಸಂತೋಷವಾಗುತ್ತದೆ. ಹೆಸರೆಂಬುದು ಕೇವಲ ಗುರುತಲ್ಲ, ಅದಕ್ಕೊಂದು ನಾದವುಂಟೆಂಬುದು ಆ ವಯಸ್ಸಿಗೇ ಅವನಿಗೆ ಹೊಳೆದಿದ್ದಿರಬೇಕು.

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾದುದು 1927ರಲ್ಲಿ. ಬಿ.ಎಂ. ಶ್ರೀಕಂಠಯ್ಯನವರು, ನಮ್ಮ ಜಿಲ್ಲೆಯ ತಳುಕಿನ ಟಿ.ಎಸ್. ವೆಂಕಣ್ಣಯ್ಯನವರು ಮುಂತಾದ ಹಿರಿಯರು ಕನ್ನಡಕ್ಕೆ ಹೊಸ ಉಸಿರು ತುಂಬುತ್ತಿದ್ದ ದಿನಗಳವು. ರಾಜರತ್ನಂ 1931ರಲ್ಲಿ ಎಂ.ಎ. ಆದರು. ಹಳಗನ್ನಡದ ಚಂಪೂಗಳು, ಛಂದಸ್ಸು, ಅಲಂಕಾರ, ವ್ಯಾಕರಣ ಎಲ್ಲವೂ ಕೈವಶವಾಗಿದ್ದವು. ಕೈಗೆ ಬಾರದುದು ಉದ್ಯೋಗವೊಂದೇ. ಜಗತ್ತೆಲ್ಲ ಆರ್ಥಿಕ ಮುಗ್ಗಟ್ಟಿನಲ್ಲಿ ನರಳುತ್ತಿದ್ದ ಕಾಲ. ಕನ್ನಡ ಪದವೀಧರನಿಗೆ ಕೆಲಸವೆಂಬುದು ಮರೀಚಿಕೆ. ಕೊನೆಗೆ ಅವರು ನಿಂತುದು ತಂದೆಯವರ ಶಾಲೆಯಲ್ಲಿ, ಶಿಶುವಿಹಾರದ ಮಕ್ಕಳ ಮುಂದೆ.

ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಪಂಪರನ್ನರನ್ನು ಅರಗಿಸಿಕೊಂಡು ಬಂದವನಿಗೆ ಮೂಗು ಸುರಿಸುವ, ಕುಳಿತಲ್ಲಿ ನಿದ್ದೆ ಹೋಗುವ, ಅಮ್ಮ ಬೇಕೆಂದು ಅಳುವ ಮಕ್ಕಳ ಗುಂಪು. ಇದು ಅವಮಾನವೆಂದು ಲೋಕ ತಿಳಿದಿದ್ದರೆ ಆಶ್ಚರ್ಯವಿಲ್ಲ. ಇನ್ನೊಬ್ಬರಾಗಿದ್ದರೆ ಹಾಜರಿ ಕರೆದು, ಇದ್ದ ಪುಸ್ತಕದ ಪದ್ಯಗಳನ್ನೇ ಕೂಗಿಸಿ ಸಂಬಳದ ದಿನವನ್ನು ಎಣಿಸುತ್ತಿದ್ದರು. ರಾಜರತ್ನಂ ಹಾಗೆ ಮಾಡಲಿಲ್ಲ. ಮಕ್ಕಳಿಗೆಂದು ಅಲ್ಲಿದ್ದ ಪದ್ಯಗಳನ್ನು ಪರೀಕ್ಷಿಸಿ ನೋಡಿದರು. ಅವು ಅವರ ಮನಸ್ಸಿಗೆ ಬರಲಿಲ್ಲ. ತಾವೇ ಬರೆಯತೊಡಗಿದರು. ಹೀಗೆ ಹುಟ್ಟಿದುದು ‘ತುತ್ತೂರಿ’. ಮುಂದೆ ‘ಕಡಲೆಪುರಿ’, ‘ಗುಲಗಂಜಿ’, ‘ಕಂದನ ಕಾವ್ಯಮಾಲೆ’ ಮೊದಲಾದವು ಬಂದವು. ಹೆಸರುಗಳನ್ನೇ ನೋಡಿರಿ: ಮಗುವಿನ ಜೇಬಿನಲ್ಲಿ ಸಿಕ್ಕಬಹುದಾದ ಪದಾರ್ಥಗಳು!

ಇವರಿಗಿಂತ ಮೊದಲೇ ದಕ್ಷಿಣ ಕನ್ನಡದಲ್ಲಿ ಪಂಜೆ ಮಂಗೇಶರಾಯರು (1874–1937) ಮಕ್ಕಳಿಗಾಗಿ ಕಥೆ ಕವಿತೆಗಳನ್ನು ಬರೆದು ದಾರಿ ಮಾಡಿದ್ದರು. ಅವರೂ ಉಪಾಧ್ಯಾಯರಾಗಿ, ಶಾಲೆಗಳ ಇನ್ಸ್‌ಪೆಕ್ಟರರಾಗಿ ದುಡಿದವರು. ಅವರ ಮನೆಮಾತು ಕೊಂಕಣಿ. ಕನ್ನಡ ಶಿಶುಸಾಹಿತ್ಯದ ಈ ಇಬ್ಬರು ಹಿರಿಯರ ಮನೆಯ ನುಡಿಯೂ ಕನ್ನಡವಾಗಿರಲಿಲ್ಲವೆಂಬುದು ಆಕಸ್ಮಿಕವೇ? ಮಾತನ್ನು ಗಮನವಿಟ್ಟು ಕೇಳಿ ಕಲಿತವರಿಗೆ ಅದರ ನಾದ ನಮಗಿಂತ ನಿಚ್ಚಳವಾಗಿ ಕೇಳಿಸುತ್ತದೆಯೋ ಏನೋ ಎಂದು ನನಗೆ ಅನ್ನಿಸುವುದುಂಟು.

ತುತ್ತೂರಿಯ ಪದ್ಯವನ್ನು ಒಮ್ಮೆ ಶಿಶುವಿಹಾರದ ಮೇಷ್ಟರ ಕಣ್ಣಿನಿಂದ ನೋಡಬೇಕು. ಕಸ್ತೂರಿ ಎಂಬ ಹುಡುಗನು ಆಟದ ಕಹಳೆಯೊಂದನ್ನು ಕೊಳ್ಳುತ್ತಾನೆ, ಸ್ವರ ನುಡಿಸುತ್ತಾನೆ, ತನ್ನಂಥವನಿಲ್ಲವೆಂದು ಬೀಗಿ ನಡೆಯುತ್ತಾನೆ. ವಾದ್ಯವು ನೀರಿಗೆ ಜಾರುತ್ತದೆ. ಮತ್ತೆ ಊದಿದರೆ ಕಟ್ಟಿದ ಗಂಟಲಿನ ಸದ್ದು, ಬಣ್ಣವೂ ಕರಗಿಹೋಗುತ್ತದೆ. ಕಥೆ ಇಷ್ಟೇ. ಆದರೆ ನಾಲ್ಕು ವರ್ಷದ ಮಗುವಿಗೆ ಬೇಕಾದುದೆಲ್ಲ ಇದರಲ್ಲಿದೆ: ಆಸೆಯ ವಸ್ತು, ಅದನ್ನು ಪಡೆದ ಹೆಮ್ಮೆ, ಅದು ಕೆಟ್ಟುಹೋದ ದುಃಖ. ಪ್ರತಿ ಸಾಲೂ ಒಂದು ಉಸಿರಿಗೆ ಮುಗಿಯುತ್ತದೆ. ಪ್ರಾಸದ ಮಾತು ತಟ್ಟನೆ ಬಂದು ಮುಂದಿನ ಸಾಲನ್ನು ಎಳೆದು ತರುತ್ತದೆ. ಮಗು ಹಾಡುತ್ತಲೇ ಒಂದು ಶಬ್ದಕ್ಕೂ ಇನ್ನೊಂದಕ್ಕೂ ಇರುವ ಹೋಲಿಕೆಯನ್ನು, ಭೇದವನ್ನು ಕಿವಿಯಿಂದ ಹಿಡಿಯುತ್ತದೆ. ಕೆಟ್ಟ ವಾದ್ಯದ ಸದ್ದು ಬರುವ ಸ್ಥಳದಲ್ಲಿ ಎಲ್ಲ ಮಕ್ಕಳೂ ನಗುತ್ತಾರೆ, ತಪ್ಪದೆ. ಜಂಬದ ಹುಡುಗನಿಗೆ ಕೊನೆಯಲ್ಲಿ ಸಿಗುವುದು ಗೋಳೇ ಹೊರತು ಹಿರಿಯರ ಉಪದೇಶವಲ್ಲ.

ನಾಯಿಮರಿಯ ಪದ್ಯವಂತೂ ಸಂಭಾಷಣೆಯೇ. ಮಗು ಕೇಳುತ್ತದೆ, ಮರಿ ಉತ್ತರಿಸುತ್ತದೆ. ತಿಂಡಿಯ ಮಾತಿನಿಂದ ಹೊರಟು ಮನೆ ಕಾಯುವ ಕರಾರಿನಲ್ಲಿ ಮುಗಿಯುತ್ತದೆ. ತರಗತಿಯನ್ನು ಎರಡು ಭಾಗ ಮಾಡಿ, ಒಂದು ಭಾಗ ಕೇಳುವುದು, ಇನ್ನೊಂದು ಭಾಗ ಹೇಳುವುದು ಎಂದು ಏರ್ಪಡಿಸಿದರೆ ಪಾಠ ತಾನಾಗಿಯೇ ನಡೆಯುತ್ತದೆ. ತನ್ನ ಸರದಿಗಾಗಿ ಕಾಯುವುದು, ಇನ್ನೊಬ್ಬರ ಮಾತನ್ನು ಪೂರ್ತಿ ಕೇಳುವುದು, ಕೇಳಿದ ಪ್ರಶ್ನೆಗೇ ಉತ್ತರ ಹೇಳುವುದು. ನಮ್ಮ ಎಷ್ಟೋ ಸಾಹಿತ್ಯ ಗೋಷ್ಠಿಗಳಲ್ಲಿಯೂ ಈ ಮೂರು ವಿದ್ಯೆಗಳು ಅಪರೂಪ!

ಶಿಶುವಿಹಾರದ ವರ್ಷದಲ್ಲಿ ಮಗುವಿನಲ್ಲಿ ಬಲಿಯಬೇಕಾದುದು ಕಿವಿ ಮತ್ತು ನಾಲಗೆ. ಕೈಯ ಸರದಿ ಅನಂತರದ್ದು. ಇದು ಭಾವುಕತೆಯ ಮಾತಲ್ಲ. ಮನುಷ್ಯನ ಮಣಿಕಟ್ಟಿನಲ್ಲಿ ಎಂಟು ಸಣ್ಣ ಮೂಳೆಗಳಿವೆ. ಹುಟ್ಟಿದಾಗ ಅವು ಮೃದ್ವಸ್ಥಿಯಾಗಿದ್ದು ವರ್ಷಗಳು ಕಳೆದಂತೆ ಒಂದೊಂದಾಗಿ ಗಟ್ಟಿಯಾಗುತ್ತವೆ. ಕೊನೆಯದು ಗಟ್ಟಿಯಾಗತೊಡಗುವುದು ಎಂಟರ ಪ್ರಾಯಕ್ಕೆ ಅಥವಾ ಅದರಾಚೆಗೆ. ಬೆರಳುಗಳ ಸೂಕ್ಷ್ಮ ಚಲನೆಯೂ ಹಾಗೆಯೇ ನಿಧಾನವಾಗಿ ಪಳಗುತ್ತದೆ. ನಾಲ್ಕು ವರ್ಷದ ಮಗು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯುವುದು ಹಟದಿಂದಲ್ಲ. ಜೇಡಿಮಣ್ಣು ಕಲಸುವುದು, ಅವರೆಕಾಯಿ ಸುಲಿಯುವುದು, ರಂಗೋಲಿಯ ಚುಕ್ಕಿಯಿಡುವುದು, ಮಣಿ ಪೋಣಿಸುವುದು ಇವೇ ಆ ಕೈಗೆ ತಕ್ಕ ಬರೆವಣಿಗೆ. ಇನ್ನು ನಮ್ಮ ಲಿಪಿಯ ವಿಚಾರ. ಇಂಗ್ಲಿಷಿನ ಮಗುವಿಗೆ 26 ಅಕ್ಷರಗಳಾದರೆ ನಮ್ಮ ಮಗುವಿಗೆ ಕಾಗುಣಿತವೇ 400ರ ಗಡಿ ದಾಟುತ್ತದೆ, ಒತ್ತಕ್ಷರಗಳು ಬೇರೆ. ಇದನ್ನೆಲ್ಲ ಕೈವಶ ಮಾಡಿಕೊಳ್ಳಲು ಪ್ರಾಥಮಿಕ ಶಾಲೆಯ ಹಲವು ವರ್ಷಗಳೇ ಬೇಕು. ಐದು ವರ್ಷಕ್ಕೆ ಮೊದಲೇ ಮುಗಿಸುತ್ತೇನೆಂದು ಹೊರಡುವ ತಂದೆಗೆ ನಾನು ಏನೆಂದು ಹೇಳಲಿ? ಆ ತಂದೆ ನಾನೇ ಆಗಿದ್ದೆನಲ್ಲ.

ಹಿಂದೆ ತಿರುಗಿ ನೋಡಿದರೆ, ಶಿಶುವಿಹಾರದ ಮೂಲಪುರುಷನೂ ಹಾಡಿನಿಂದಲೇ ಹೊರಟವನು. ಜರ್ಮನಿಯ ಫ್ರೆಡ್ರಿಕ್ ಫ್ರೊಬೆಲ್ 1837ರಲ್ಲಿ ಎಳೆಯ ಮಕ್ಕಳಿಗಾಗಿ ಆಟದ ಮನೆಯೊಂದನ್ನು ತೆರೆದು, 1840ರಲ್ಲಿ ಅದಕ್ಕೆ ಮಕ್ಕಳ ತೋಟವೆಂಬ ಅರ್ಥದ ಕಿಂಡರ್‌ಗಾರ್ಟನ್ ಎಂಬ ಹೆಸರಿಟ್ಟನು. 1844ರಲ್ಲಿ ತಾಯಂದಿರು ಮಕ್ಕಳೊಡನೆ ಬೆರಳಾಡಿಸುತ್ತ ಹಾಡಬಹುದಾದ ಹಾಡುಗಳ ಪುಸ್ತಕವನ್ನು ಪ್ರಕಟಿಸಿದನು. ಅವನೂ ಒಂದು ವರ್ಷ ತುಂಬುವ ಮೊದಲೇ ತಾಯಿಯನ್ನು ಕಳೆದುಕೊಂಡವನು. ಗುಜರಾತಿನಲ್ಲಿ ವಕೀಲಿಯನ್ನು ಬಿಟ್ಟು ಮಕ್ಕಳ ಕಡೆಗೆ ತಿರುಗಿದ ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ಆರಂಭಿಸಿ ಕಥೆಯನ್ನೇ ಶಿಕ್ಷಣದ ಕೇಂದ್ರವಾಗಿಸಿದರು. ಇವರಂತೆ ರಾಜರತ್ನಂ ಯಾವ ಶಿಕ್ಷಣ ಸಿದ್ಧಾಂತವನ್ನೂ ಕಟ್ಟಲಿಲ್ಲ. ಮಕ್ಕಳ ಬಾಯಲ್ಲಿ ನಿಲ್ಲುವ ಪದ್ಯಗಳನ್ನು ಕಟ್ಟಿದರು.

ಆ ಕೆಲಸ ಬಹುಕಾಲ ನಡೆಯಲಿಲ್ಲ. ಹೊಟ್ಟೆಪಾಡಿಗಾಗಿ ರಾಜರತ್ನಂ ಹೈದರಾಬಾದಿಗೆ ಹೋದರು. ಜನಗಣತಿಯ ಕಚೇರಿಯಲ್ಲಿ ಕೆಲಸದ ಅವಕಾಶವಿದ್ದಿತು. ಮನಸ್ಸು ನಿಲ್ಲದೆ ಹಿಂದಿರುಗಿದರು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರನ್ನು ಕಂಡಾಗ, ಕನ್ನಡ ಓದಿದವನು ಕನ್ನಡಕ್ಕಾಗಿಯೇ ದುಡಿಯಬೇಕೆಂಬ ಹಿತವಚನವೂ ಬೌದ್ಧ ಸಾಹಿತ್ಯವನ್ನು ಕನ್ನಡಕ್ಕೆ ತರಬೇಕೆಂಬ ಸೂಚನೆಯೂ ದೊರೆತವು. ತರುಣನು ಅದನ್ನು ವ್ರತವಾಗಿ ಹಿಡಿದನು. ಪಾಳಿಯನ್ನು ಕಲಿತು ಬುದ್ಧನ ಕಥೆಗಳನ್ನು, ಚೀನಾದೇಶದ ಬೌದ್ಧ ಯಾತ್ರಿಕರ ವೃತ್ತಾಂತವನ್ನು ಕನ್ನಡಕ್ಕೆ ತಂದರು. ಶಾಕ್ಯ ಸಾಹಿತ್ಯ ಮಂಟಪವೆಂಬ ಪ್ರಕಾಶನವನ್ನು ನಡೆಸಿದರು. ಜೈನ ಸಾಹಿತ್ಯಕ್ಕೂ ಕೈಹಾಕಿದರು. ಆ ವರ್ಷಗಳ ಕಷ್ಟ ಸುಖಗಳನ್ನು ಅವರೇ ‘ಹತ್ತು ವರುಷ’ ಎಂಬ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಸಂಸಾರದಲ್ಲಿಯೂ ನೋವುಂಡರು, ಮೊದಲ ಪತ್ನಿ ಲಲಿತಮ್ಮನವರು ತೀರಿಕೊಂಡರು.

ಈ ಮಧ್ಯದಲ್ಲಿಯೇ ‘ರತ್ನನ ಪದಗಳು’ ಹೊರಬಂದು ನಾಡನ್ನು ಬೆರಗುಗೊಳಿಸಿದುವು. ಕುಡಿತದ ಗಂಧವೇ ಇಲ್ಲದ ಪಂಡಿತನೊಬ್ಬನು ಹೆಂಡಗುಡುಕನ ಬಾಯಿಂದ, ಅಕ್ಷರ ಕಾಣದವನ ನುಡಿಯಿಂದ, ಪ್ರೇಮವನ್ನೂ ದೈವವನ್ನೂ ಕನ್ನಡದ ಅಭಿಮಾನವನ್ನೂ ಹಾಡಿಸಿದನು. ವಿಮರ್ಶಕರು ರತ್ನನನ್ನು ಒಂದು ಕಡೆಗೂ ಶಿಶುಗೀತೆಗಳನ್ನು ಇನ್ನೊಂದು ಕಡೆಗೂ ಇಟ್ಟು ಮಾತಾಡುವುದು ವಾಡಿಕೆ. ನನಗೆ ಅದು ಒಪ್ಪಿಗೆಯಲ್ಲ. ಮಹಾಪ್ರಾಣ ನುಡಿಯದ, ಒತ್ತುಗಳನ್ನು ಸಡಿಲಿಸುವ, ರಕಾರವನ್ನು ನುಂಗುವ ನಾಲಗೆಯನ್ನು ತಿದ್ದಲು ಹೋಗದೆ ಕೇಳಿದ ಕಿವಿ ಎರಡೂ ಕಡೆ ಒಂದೇ. ಮಕ್ಕಳು ರ, ಳ, ಷಗಳನ್ನು ತಡವಾಗಿ ಕಲಿಯುತ್ತಾರೆಂಬುದನ್ನು ಶಿಶುವಿಹಾರದಲ್ಲಿ ನಿಂತ ಯಾರೂ ಬಲ್ಲರು. ಆ ತೊದಲನ್ನು ತಪ್ಪೆಂದು ಕೆಂಪು ಗೀಟು ಹಾಕದವನಿಗೆ ರತ್ನನ ನುಡಿ ಒಲಿದುದರಲ್ಲಿ ವಿಚಿತ್ರವೇನಿದೆ?

1938ರಲ್ಲಿ ರಾಜರತ್ನಂ ಕನ್ನಡ ಪಂಡಿತರಾಗಿ ಸರ್ಕಾರಿ ಸೇವೆಗೆ ಸೇರಿದರು; 1964ರಲ್ಲಿ ನಿವೃತ್ತರಾದರು. ಮೈಸೂರು, ತುಮಕೂರು, ಬೆಂಗಳೂರುಗಳಲ್ಲಿ ಪಾಠ ಹೇಳಿದರು. ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದ ಮೂಲಕ ಎಷ್ಟೋ ತರುಣ ಲೇಖಕರನ್ನು ಬೆಳಕಿಗೆ ತಂದ ಕಥೆ ಪ್ರಸಿದ್ಧವಾದುದರಿಂದ ಇಲ್ಲಿ ವಿಸ್ತರಿಸುವುದಿಲ್ಲ. ಕಾಲೇಜಿನ ಮೇಷ್ಟರಾದ ಮೇಲೂ ಅವರು ಮಕ್ಕಳ ಬರೆವಣಿಗೆಯನ್ನು ಬಿಡಲಿಲ್ಲವೆಂಬುದಷ್ಟೇ ನನಗೆ ಇಲ್ಲಿ ಮುಖ್ಯ. ನಮ್ಮಲ್ಲಿ ಎಷ್ಟು ಮಂದಿ ಅಧ್ಯಾಪಕರು ಪದವಿ ತರಗತಿಗೆ ಏರಿದ ಮೇಲೆ ಕೆಳಗಿನ ಮೆಟ್ಟಿಲಿನ ಕಡೆಗೆ ನೋಡುತ್ತೇವೆ?

ಒಮ್ಮೆ ಹಿರಿಯೂರಿನಲ್ಲಿ ಪೋಷಕರ ಸಭೆಯೊಂದಕ್ಕೆ ನನ್ನನ್ನು ಕರೆದಿದ್ದರು. ವಾಣಿವಿಲಾಸ ಸಾಗರದ ನಾಲೆಯ ಬದಿಯಲ್ಲಿ ತೋಟ ಮಾಡಿಕೊಂಡಿರುವ ರೈತರೊಬ್ಬರು, ಯು.ಕೆ.ಜಿ. ಮುಗಿಯುವುದರೊಳಗೆ ತಮ್ಮ ಮಗಳು ಎಷ್ಟು ಬರೆಯಬೇಕೆಂದು ಕೇಳಿದರು. ಶಾಲೆಯಲ್ಲಿ ನಡೆದುದನ್ನು ರಾತ್ರಿ ಅವಳು ಹೇಳುತ್ತಾಳೆಯೇ ಎಂದು ನಾನು ಕೇಳಿದೆ. ಹೇಳುತ್ತಾಳೆ, ಆದರೆ ಕೇಳಲು ಪುರಸೊತ್ತಿಲ್ಲವೆಂದು ಅವರು ಪ್ರಾಮಾಣಿಕವಾಗಿ ಒಪ್ಪಿಕೊಂಡರು. ಹಾಗಾದರೆ ಮಗಳ ಪಾಠ ಸರಿಯಾಗಿಯೇ ನಡೆದಿದೆ, ತಂದೆಯ ಪಾಠ ಬಾಕಿ ಇದೆ ಎಂದಾಗ ಸಭೆ ನಕ್ಕಿತು, ಅವರೂ ನಕ್ಕರು. ಶಿಶುವಿಹಾರದ ಮಗುವಿನ ಪ್ರಗತಿಯನ್ನು ಅಳೆಯುವ ಕೋಲು ಬರೆಯುವ ಪುಸ್ತಕದಲ್ಲಿಲ್ಲ. ನಡೆದುದನ್ನು ಮೊದಲು ಅನಂತರ ಎಂದು ಜೋಡಿಸಿ ಹೇಳಬಲ್ಲುದೇ? ಕಥೆಯನ್ನು ಕೊನೆಯವರೆಗೆ ಕೇಳಬಲ್ಲುದೇ? ತಾಯಿಯನ್ನು ಬಿಟ್ಟು ಅರ್ಧ ದಿನ ಇದ್ದು, ಅವಳು ಬರುವಳೆಂಬ ನಂಬಿಕೆಯಿಂದ ಆಡಬಲ್ಲುದೇ? ಮೊದಲ ಕೆಲವು ವಾರ ಅಳುವುದು ಸಹಜ. ಹೇಳದೆ ಕೇಳದೆ ಬಾಗಿಲಿನಿಂದ ಜಾರಿಕೊಳ್ಳುವ ತಾಯಿತಂದೆಗಳಿಂದ ಅಳು ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ. ಬರುತ್ತೇನೆಂದು ಹೇಳಿ ಹೋಗುವುದು, ಹೇಳಿದ ಹೊತ್ತಿಗೆ ಬರುವುದು, ಇಷ್ಟು ಸಾಕು.

ಹೊಸದುರ್ಗದ ಕಡೆಯ ನನ್ನ ಸ್ನೇಹಿತರೊಬ್ಬರ ಮನೆಯಲ್ಲಿ ಇನ್ನೊಂದು ಬಗೆಯ ಚಿಂತೆ. ಮಗುವಿಗೆ ಇಂಗ್ಲಿಷ್ ಬರಲಿ ಎಂದು ಮನೆಯಲ್ಲಿಯೂ ಅರೆಬರೆ ಇಂಗ್ಲಿಷಿನಲ್ಲಿಯೇ ಮಾತಾಡತೊಡಗಿದ್ದರು. ಅಜ್ಜಿ ಮೂಕಳಾಗಿದ್ದಳು. ತಮಿಳಿನ ಮನೆಯಿಂದ ಬಂದ ಹುಡುಗನು ಕನ್ನಡದ ಕವಿಯಾದ ಕಥೆಯನ್ನು ನಾನು ಅವರಿಗೆ ಹೇಳಿದೆ. ಒಂದು ನುಡಿಯಲ್ಲಿ ಮನಸ್ಸು ತುಂಬಿದ ಮಗು ಇನ್ನೊಂದನ್ನು ಸುಲಭವಾಗಿ ಕಲಿಯುತ್ತದೆ; ಯಾವುದರಲ್ಲಿಯೂ ತುಂಬದ ಮಗುವಿಗೆ ಎರಡೂ ಭಾರ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಎಂಟರವರೆಗಿನ ಐದು ವರ್ಷಗಳನ್ನು ಶಿಕ್ಷಣದ ಬುನಾದಿಯೆಂದು ಎಣಿಸಿ, ಆಟಕ್ಕೂ ಮನೆಮಾತಿಗೂ ಅಲ್ಲಿ ಹಿರಿಯ ಸ್ಥಾನವನ್ನು ಕೊಟ್ಟಿದೆ. ಕಾಗದದ ಮೇಲಿರುವುದು ತರಗತಿಯ ಬಾಗಿಲನ್ನು ಎಷ್ಟು ದಾಟಿದೆಯೆಂಬುದನ್ನು ತಾಯಿತಂದೆಗಳು ಹೋಗಿ ನೋಡಬೇಕು. ಶುಲ್ಕದ ವಿವರವನ್ನು ವಿಚಾರಿಸುವಷ್ಟೇ ಆಸ್ಥೆಯಿಂದ ಅಲ್ಲಿ ಮಕ್ಕಳು ಎಷ್ಟು ಹೊತ್ತು ಹಾಡುತ್ತಾರೆ, ಎಷ್ಟು ಹೊತ್ತು ಆಡುತ್ತಾರೆ ಎಂದು ವಿಚಾರಿಸಬೇಕು.

ಅಂಗನವಾಡಿಗಳಿಗೆ ಕಾರಣವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದಲ್ಲಿ ಆರಂಭವಾದುದು 1975ರ ಅಕ್ಟೋಬರ್ 2ರಂದು. ನಮ್ಮ ರಾಜ್ಯದಲ್ಲಿ ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ. ರಾಜರತ್ನಂ ಆಗ ಇನ್ನೂ ಬದುಕಿದ್ದರು. 1978ರಲ್ಲಿ ದೆಹಲಿಯಲ್ಲಿ ನಡೆದ ಐವತ್ತನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾದರು. ಮರುವರ್ಷ, 1979ರ ಮಾರ್ಚ್ ತಿಂಗಳಲ್ಲಿ ತೀರಿಕೊಂಡರು. ನಾನು ಹುಟ್ಟುವ ಮೊದಲೇ ಹೋದವರು. ಅವರನ್ನು ಕಂಡವನಲ್ಲ ನಾನು.

ಹೋದ ವರ್ಷ ಹೊಳಲ್ಕೆರೆ ತಾಲ್ಲೂಕಿನ ತಾಂಡಾವೊಂದಕ್ಕೆ ವಿದ್ಯಾರ್ಥಿಗಳೊಡನೆ ಹೋಗಿದ್ದೆ. ಅಂಗನವಾಡಿಯಲ್ಲಿ ಹದಿನೈದು ಇಪ್ಪತ್ತು ಮಕ್ಕಳು. ಮನೆಯಲ್ಲಿ ಲಂಬಾಣಿ ಮಾತಾಡುವವರು. ನಮ್ಮನ್ನು ಕಂಡೊಡನೆ ಕಾರ್ಯಕರ್ತೆ ತುತ್ತೂರಿಯ ಹಾಡನ್ನು ಎತ್ತಿಕೊಟ್ಟಳು. ಮಕ್ಕಳು ಎದ್ದು ನಿಂತು, ಕೈಯನ್ನೇ ಕಹಳೆ ಮಾಡಿಕೊಂಡು ಹಾಡಿದರು. ಮುಂದಿನ ಸಾಲಿನಲ್ಲಿದ್ದ ಪುಟ್ಟ ಹುಡುಗಿಯೊಬ್ಬಳು ಕಸ್ತೂರಿಯ ಹೆಸರು ಬರುವಲ್ಲೆಲ್ಲ ತನ್ನ ಅಣ್ಣನ ಹೆಸರನ್ನು ಸೇರಿಸಿ ಹಾಡುತ್ತಿದ್ದಳು. ಅಣ್ಣನು ಪಕ್ಕದಲ್ಲಿಯೇ ಮುಖ ಊದಿಸಿಕೊಂಡು ನಿಂತಿದ್ದನು. ಪ್ರಾಸ ಕೆಟ್ಟಿತು, ಮಾತ್ರೆ ಒಂದೆರಡು ಹೆಚ್ಚಾಯಿತು. ಕನ್ನಡದ ಅಧ್ಯಾಪಕನಾದ ನಾನು ತಿದ್ದಲೆಂದು ಬಾಯಿ ತೆರೆದೆ. ಕಾರ್ಯಕರ್ತೆ ನನ್ನ ಕಡೆ ನೋಡಿ, ಬೇಡವೆಂದು ಕಣ್ಣಿನಲ್ಲಿಯೇ ಸನ್ನೆ ಮಾಡಿದಳು.